ಕೊನೆಗೆ ದೀಪ ಹಚ್ಚುವವರ ಊರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಇದೇ ಮೊದಲನೆಯದು. ಹೇಳುತ್ತಾ ಹೋದಂತೆ ಹಿಂದಿನದು ಮುಂದಾದರೆ ನೀವೇ ಸರಿಮಾಡಿಕೊಳ್ಳಬೇಕು. ಬೇಕಾದ್ದಕ್ಕಿಂತ ಹೆಚ್ಚು ವಿವರಿಸುತ್ತೇನೆ ಎಂಬುದೂ ನನಗೆ ಗೊತ್ತು. ಆದರೆ ಈ ಊರಿನವರು ಎಂಥ ಜನ ಎಂದು ಬಿಡಿಸಿ ಹೇಳದಿದ್ದರೆ ನೀವು ನಂಬುವುದಿಲ್ಲ. ಅಷ್ಟು ಲೆಕ್ಕಾಚಾರದ ದಡ್ಡರನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ಊರಿಗೆ ಹಿಂದೆ ಒಂದು ಹೆಸರಿತ್ತಂತೆ. ಹೇಳಲು ಉಸಿರು ಜಾಸ್ತಿ ಬೇಕೆಂದು ಮೊದಲು ಅದನ್ನು ಮೊಟಕು ಮಾಡಿದರು, ಆಮೇಲೆ ಅದನ್ನೂ ಬಿಟ್ಟರು. ಊರೆಂದರೆ ಒಂದೇ ಬೀದಿ. ಬೀದಿಯ ಎರಡೂ ಬದಿಗೆ ಮನೆಗಳು. ಪ್ರತಿ ಮನೆಯ ಮುಂಭಾಗ ಅಂಗಡಿ, ಹಿಂಭಾಗ ಸಂಸಾರ. ಗಾಣದವನು ಎಣ್ಣೆ ತೆಗೆಯುತ್ತಿದ್ದ. ಹಣತೆಯವನು ಹಣತೆ ಮಾಡುತ್ತಿದ್ದ. ಬತ್ತಿಯಜ್ಜಿ ಬತ್ತಿ ಹೊಸೆಯುತ್ತಿದ್ದಳು. ಉಳಿದವರೂ ಹೀಗೇ, ಒಬ್ಬೊಬ್ಬರಿಗೆ ಒಂದೊಂದು ಕಸುಬು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ಆ ಊರಲ್ಲಿ ಮಾರದವರು ಯಾರೂ ಇರಲಿಲ್ಲ, ಮತ್ತು ಅವರ ಅಂಗಡಿಗಳಿಗೆ ಹೊರಗಿನವರು ಯಾರೂ ಬರುತ್ತಿರಲಿಲ್ಲ. ಮಾರುವವರೂ ಅವರೇ, ಕೊಳ್ಳುವವರೂ ಅವರೇ.

ಇನ್ನು ಆ ಊರಿನ ಕಟ್ಟಳೆ. ಹೊತ್ತು ಮುಳುಗಿದ ಮೇಲೆ ಯಾವ ಮನೆಯ ದೀಪ ಎಲ್ಲರಿಗಿಂತ ಕೊನೆಗೆ ಹತ್ತುತ್ತದೋ ಆ ಮನೆಯೇ ಅಂದಿನ ದೊಡ್ಡ ಮನೆ. ಯಾಕೆಂದರೆ ಆ ಮನೆಯವರು ಎಲ್ಲರಿಗಿಂತ ಹೆಚ್ಚು ಎಣ್ಣೆ ಉಳಿಸಿದರಲ್ಲ. ಹಿಂದೆ ಎಂದೋ ಎಳ್ಳು ಬೆಳೆಯದ ವರ್ಷ ಹೀಗೆ ಮಾಡಿದ್ದರಂತೆ. ಆಗ ಅದು ವಿವೇಕವಾಗಿತ್ತು. ಎಳ್ಳು ಬೆಳೆಯಿತು, ಗಾಣ ತಿರುಗಿತು, ಎಣ್ಣೆ ಹರಿಯಿತು, ವಿವೇಕ ಮಾತ್ರ ಬಿಡಲಿಲ್ಲ.

ದೊಡ್ಡ ಮನೆಯನ್ನು ಗುರುತಿಸುವವನು ಊರ ಹಿರಿಯ. ಅವನು ಸಂಜೆ ಕರಟ ಹಿಡಿದು ಬೀದಿಗಿಳಿಯುತ್ತಿದ್ದ. ದೀಪ ಹತ್ತಿದ ಮನೆಗೆಲ್ಲ ಹೋಗಿ ದೀಪದ ಗೂಡಿಗೆ ಹಿಡಿದ ಮಸಿ ಕೆರೆಯುತ್ತಿದ್ದ. ಕೆರೆದ ಮಸಿಯನ್ನು ಕರಟದಲ್ಲಿ ಎಣ್ಣೆ ಬಿಟ್ಟು ಕಲಸುತ್ತಿದ್ದ. ಕೊನೆಗೆ ದೀಪ ಹತ್ತಿದ ಮನೆಯ ಮುಂದೆ ನಿಂತು, ಹೆಬ್ಬೆರಳು ಅದ್ದಿ, ಬಾಗಿಲ ಮೇಲ್ಪಟ್ಟಿಗೆ ಒಂದು ಬೊಟ್ಟು ಒತ್ತುತ್ತಿದ್ದ. ಉರಿಸಿದವರ ಮಸಿ, ಉರಿಸದವರ ಮರ್ಯಾದೆ. ಇದರಲ್ಲಿ ವಿಚಿತ್ರವೇನಿದೆ ಎಂದು ಆ ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅತಿ ಹೆಚ್ಚು ಬೊಟ್ಟುಗಳಿದ್ದದ್ದು ಗಾಣದವಳ ಬಾಗಿಲಿಗೆ. ಗಾಣದವಳು ಎಂದರೆ ಗಾಣದವನ ಹೆಂಡತಿ, ಈ ಕಥೆ ಅವಳದೇ. ಎಣ್ಣೆ ಮಾರಿ ಬದುಕುವ ಮನೆಯಲ್ಲೇ ಎಣ್ಣೆ ಉರಿಸದ ಮರ್ಯಾದೆ. ನೀವು ನಗುತ್ತೀರಿ, ಅವಳು ನಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಮೊದಲು ಮೇಲ್ಪಟ್ಟಿ ನೋಡಿಕೊಳ್ಳುತ್ತಿದ್ದಳು. ಎಡತುದಿಯಿಂದ ಬಲತುದಿಗೆ ಒತ್ತಾಗಿ ಬಂದ ಬೊಟ್ಟುಗಳು. ಬಲತುದಿಯಲ್ಲಿ ಇನ್ನು ಸ್ವಲ್ಪವೇ ಜಾಗ. ಮೇಲ್ಪಟ್ಟಿ ತುಂಬಿದ ಮನೆ ಎಂದೆಂದಿಗೂ ದೊಡ್ಡ ಮನೆ. ಅಂಥ ಮನೆ ಆ ಊರಲ್ಲಿ ಅದುವರೆಗೆ ಆಗಿರಲಿಲ್ಲ.

ಅವಳ ಸಂಜೆ ಹೀಗೆ ಸಾಗುತ್ತಿತ್ತು. ಹೊತ್ತು ಮುಳುಗುವುದು. ಎದುರುಮನೆಯ ಬತ್ತಿಯಜ್ಜಿ ದೀಪ ಹಚ್ಚುವುದು. ಅಜ್ಜಿಯ ಬೆಳಕು ಬೀದಿ ದಾಟಿ ಗಾಣದವಳ ಜಗಲಿಗೆ ಬೀಳುವುದು. ಗಾಣದವಳು ಮೊರ ತಂದು ಆ ಬೆಳಕಿನಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುವುದು.

"ಅಜ್ಜೀ, ದೀಪ ಒಂಚೂರು ಈಚೆಗೆ ಸರಿಸಿ. ನೆರಳು ಬೀಳ್ತಿದೆ," ಅನ್ನುತ್ತಿದ್ದಳು.

"ಸರಿಸ್ತೀನಿ ಕಣವ್ವ. ಎಣ್ಣೆ ನಂದು, ಬತ್ತಿ ನಂದು, ಕಣ್ಣು ಮಾತ್ರ ನಿಂದು."

"ಎಣ್ಣೆ ನಮ್ಮ ಗಾಣದ್ದೇ ಅಲ್ವಾ?"

"ದುಡ್ಡು ಕೊಟ್ಟು ತಂದ ಮೇಲೂ ನಿಮ್ಮದೇನಾ? ಹಾಗಾದ್ರೆ ಬಂದು ತಗೊಂಡು ಹೋಗು, ಜೊತೆಗೆ ನನ್ನನ್ನೂ ಕರ್ಕೊಂಡು ಹೋಗು."

ಅಜ್ಜಿ ಮೊದಲು ದೀಪ ಹಚ್ಚುತ್ತಿದ್ದದ್ದು ಧಾರಾಳತನದಿಂದಲ್ಲ, ಅವಳನ್ನು ದೊಡ್ಡವಳನ್ನಾಗಿ ಮಾಡಲು ನಾನು ಹೊರಟಿಲ್ಲ. ಬತ್ತಿ ಹೊಸೆಯಲು ಬೆಳಕು ಬೇಕು, ಅಷ್ಟೆ. ಬೆಂಕಿಯೂ ಅವಳ ಮನೆಯಲ್ಲೇ ಇರುತ್ತಿತ್ತು. ಬೆರಣಿ ಕೊಂಡು ತಂದು, ಕೆಂಡ ಮಾಡಿ, ಮಲಗುವ ಮುನ್ನ ಬೂದಿ ಮುಚ್ಚಿಡುತ್ತಿದ್ದಳು. ಮರುದಿನ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಅವಳ ದೀಪದಿಂದ ಪಕ್ಕದ ಮನೆಯವರು ಹಚ್ಚಿಕೊಳ್ಳುವರು, ಅವರಿಂದ ಅದರಾಚೆಯವರು. ಒಲೆಗೂ ಅದೇ ಬೆಂಕಿ. ದೀಪ ಹತ್ತಿದ ಮೇಲೆ ಒಲೆ, ಒಂದು ಹೊತ್ತಿನ ಅಡುಗೆ, ಮರುದಿನ ಮಧ್ಯಾಹ್ನಕ್ಕೂ ಅದೇ. ಹಿಂದೆ ಊರಲ್ಲಿ ಬೆಂಕಿಪೊಟ್ಟಣದ ಅಂಗಡಿ ಒಂದಿತ್ತು. ಪುಕ್ಕಟೆ ಬೆಂಕಿ ಬೀದಿಯಲ್ಲೇ ಸಿಗುವಾಗ ಕಡ್ಡಿ ಯಾಕೆ ಗೀರಬೇಕು ಎಂದು ಎಲ್ಲರೂ ಕೇಳಿದರು. ಎಲ್ಲಕ್ಕಿಂತ ಮೊದಲು ಮುಚ್ಚಿದ್ದು ಆ ಅಂಗಡಿ. ಅಂಗಡಿಯವನು ಬೀಗ ಹಾಕಿ ಊರು ಬಿಟ್ಟು ಹೋಗುವಾಗ ಜನ ಜಗಲಿಯಲ್ಲಿ ಕೂತು, ಅವನಿಗೆ ವ್ಯಾಪಾರ ಬರುವುದಿಲ್ಲ ಎಂದು ಮಾತಾಡಿಕೊಂಡರು.

ಗಾಣದವಳು ಒಂದು ದಿನ ಇನ್ನೊಂದು ಉಪಾಯ ಕಂಡುಹಿಡಿದಳು. ಹಳೆಯ ಸೀರೆಯ ಸೆರಗು ಹರಿದು ಬತ್ತಿ ಮಾಡಿದಳು.

"ಈಚೆಗೆ ನಿನ್ನ ಮನೆಗೆ ಬತ್ತಿ ಬೇಡವಾ?" ಎಂದು ಅಜ್ಜಿ ಬೀದಿಯಾಚೆಯಿಂದ ಕೇಳಿದಳು.

"ಸೆರಗು ಇದೆ ಅಜ್ಜೀ. ಅದು ಮುಗಿದ ಮೇಲೆ ನೋಡೋಣ."

"ಸೆರಗು ಮುಗಿದ ಮೇಲೆ ಏನಿದೆಯೆ ನೋಡೋಕೆ?" ಎಂದಳು ಅಜ್ಜಿ.

ಬೀದಿಯವರೆಲ್ಲ ನಕ್ಕರು. ನಕ್ಕು ಒಳಗೆ ಹೋಗಿ ತಮ್ಮ ತಮ್ಮ ಹಳೆ ಸೀರೆ ಹುಡುಕಿದರು. ಒಡೆದ ಹಣತೆಗೆ ಗಾಣದವಳು ಹಸಿಮಣ್ಣು ಮೆತ್ತಿ ಒಣಗಿಸಿದಳು. ಅದನ್ನೂ ನೋಡಿದರು, ಅದನ್ನೂ ಮಾಡಿದರು. ಒಳ್ಳೆಯ ಬುದ್ಧಿ ಹರಡುವಷ್ಟು ಬೇಗ ನೆಗಡಿಯೂ ಹರಡುವುದಿಲ್ಲ.

ಆಮೇಲೆ ಆದದ್ದನ್ನು ಹಂತಹಂತವಾಗಿ ಹೇಳುತ್ತೇನೆ. ಆ ಊರಿನವರಿಗೆ ಅರ್ಥವಾಗದೇ ಹೋದದ್ದು ಇದೇ. ಹಣತೆ ಮಾರಿಹೋಗಲಿಲ್ಲ, ಹಣತೆಯವನ ಚಕ್ರ ನಿಂತಿತು. ಚಕ್ರ ನಿಂತದ್ದರಿಂದ ಅವನು ಎಣ್ಣೆಗೆ ಬರಲಿಲ್ಲ. ಬತ್ತಿ ಹೋಗಲಿಲ್ಲ, ಅಜ್ಜಿ ಎಣ್ಣೆಯನ್ನು ಅರ್ಧಕ್ಕೆ ಇಳಿಸಿದಳು. ಚಹಾ ಅಂಗಡಿಗೆ ಹಣತೆಯವನು ಹೋಗಲಿಲ್ಲ, ಚಹಾದವನು ಎಣ್ಣೆಗೆ ಬರಲಿಲ್ಲ. ಬೀದಿಯಲ್ಲಿ ಒಂದೊಂದೇ ಹಲಗೆಬಾಗಿಲು ಮುಚ್ಚಿತು. ಪ್ರತಿ ಬಾಗಿಲು ಮುಚ್ಚಿದಾಗಲೂ ಗಾಣದವಳು ಜಗಲಿಯಲ್ಲಿ ಕೂತು ಕಾರಣ ಹೇಳುತ್ತಿದ್ದಳು. ಹಣತೆಯವನಿಗೆ ಕೈ ಬಿಗಿ ಇರಲಿಲ್ಲ, ಮೂರು ಹೊತ್ತೂ ಚಹಾ ಕುಡಿದ. ಚಹಾದವನು ಸಕ್ಕರೆ ಜಾಸ್ತಿ ಹಾಕುತ್ತಿದ್ದ. ಖರ್ಚು ಮಾಡುವವರ ಗತಿ ಇಷ್ಟೇ. ಅವಳು ಹೇಳುತ್ತಿದ್ದಳು, ಜನ ತಲೆಯಾಡಿಸುತ್ತಿದ್ದರು.

ಎತ್ತು ಗಾಣ ಸುತ್ತುತ್ತಿತ್ತು, ಎಣ್ಣೆ ಇಳಿಯುತ್ತಿತ್ತು, ಕೊಡ ತುಂಬುತ್ತಿತ್ತು. ತುಂಬಿದ ಕೊಡ ಹೊರಗೆ ಹೋಗದೆ ಅಟ್ಟ ಸೇರಿತು. ಅಟ್ಟ ತುಂಬಿ ಕೋಣೆ ಸೇರಿತು. ಕೋಣೆ ತುಂಬಿ ಮಲಗುವ ಜಾಗಕ್ಕೆ ಬಂತು. ಕೊನೆಗೆ ಗಾಣದವನು ಎತ್ತಿನ ನೊಗ ಇಳಿಸಿದ. ನೊಗ ಇಳಿಸಿದರೂ ಎತ್ತು ತಾನಾಗಿ ಗಾಣದ ಸುತ್ತ ಸುತ್ತುತ್ತಿತ್ತು. ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ. ಮನೆಯೆಲ್ಲ ಹಳೆ ಎಣ್ಣೆಯ ಕಮಟು. ಊರಿಗೆಲ್ಲ ಸಾಲುವಷ್ಟು ಎಣ್ಣೆಯ ನಡುವೆ ಅವಳು ಕತ್ತಲಲ್ಲಿ ಕೂತು, ಯಾರಾದರೂ ಮೊದಲು ದೀಪ ಹಚ್ಚಲಿ ಎಂದು ಕಾಯುತ್ತಿದ್ದಳು.

ಈಗ ಎಲ್ಲರೂ ಕಾಯುತ್ತಿದ್ದರು. ಸಂಜೆಗಳು ಉದ್ದವಾದವು. ಅಜ್ಜಿಯ ದೀಪವೊಂದು ಹತ್ತಿದರೆ ಇಡೀ ಬೀದಿಗೆ ಅದೇ ಬೆಳಕು, ಅದರ ಮುಂದೆ ಸಾಲಾಗಿ ಮೊರಗಳು. ಆ ಬೆಳಕು ದಿನದಿನಕ್ಕೆ ಸಣ್ಣದಾಯಿತು. ಒಂದು ಸಂಜೆ ಅದೂ ಹತ್ತಲಿಲ್ಲ.

"ಹೊತ್ತು ಮುಳುಗಿದ ಮೇಲೂ ದೀಪ ಇಲ್ಲ ಅಂದ್ರೆ ಏನರ್ಥ?" ಎಂದು ಗಾಣದವಳು ಸಿಡುಕಿದಳು. "ಲಕ್ಷ್ಮಿ ಬರೋ ಹೊತ್ತು. ಮುದುಕಿಗೆ ಅಷ್ಟೂ ತಿಳಿಯಲ್ವಾ?"

ಅವಳ ಕಾಲ ಬಳಿಯೇ ತುಂಬಿದ ಎಣ್ಣೆಕೊಡವಿತ್ತು. ಅದು ಅವಳಿಗೆ ಕಾಣಲಿಲ್ಲ, ಕತ್ತಲಿತ್ತಲ್ಲ.

ಅಂದು ಯಾರ ಬಾಗಿಲಿಗೂ ಬೊಟ್ಟು ಬೀಳಲಿಲ್ಲ, ಯಾರ ಮನೆಯ ಒಲೆಯೂ ಉರಿಯಲಿಲ್ಲ. ಅವಲಕ್ಕಿ ನೆನೆಸಿ ತಿಂದರು. ಸೌದೆ ಉಳಿಯಿತು ಎಂದು ಸಂತೋಷಪಟ್ಟರು.

ಮರುದಿನ ಬೆಳಗ್ಗೆ ಗಾಣದವನು ಹೆಂಡತಿಯ ಮುಂದೆ ಬಂದು ಕೂತ. ಅವನದು ಮಾತು ಕಡಿಮೆ. ಕಡಿಮೆ ಮಾತಿನವರು ಬುದ್ಧಿವಂತರು ಎಂದು ದಯವಿಟ್ಟು ತಿಳಿಯಬೇಡಿ, ಇಷ್ಟು ದಿನ ಅವನೂ ಬೊಟ್ಟು ನೋಡಿ ಹಿಗ್ಗಿದವನೇ.

"ಲೇ, ಪಕ್ಕದೂರಿನ ಎತ್ತಿನ ವ್ಯಾಪಾರಿ ಇವತ್ತು ಸಂಜೆ ಬರ್ತಾನೆ," ಎಂದ.

"ಯಾಕೆ?"

"ಎತ್ತಿಗೆ ಮೇವಿಲ್ಲ. ಎತ್ತು ಹೋದ್ರೆ ಗಾಣ ಹೋಯ್ತು. ಗಾಣ ಹೋದ್ರೆ ನಾವು ಹೋದ್ವಿ. ಅವನಿಗೆ ಒಂದು ಮಾತು ಹೇಳಿದ್ದೀನಿ. ಕತ್ತಲಾಗೋದರೊಳಗೆ ಊರಲ್ಲಿ ಒಂದೇ ಒಂದು ದೀಪ ಹತ್ತಿದ್ರೂ ಎತ್ತು ಕೊಡಲ್ಲ. ಒಂದು ಹತ್ತಿದ್ರೆ ಅದರಿಂದ ಇನ್ನೊಂದು ಹತ್ತುತ್ತೆ, ನಾಳೆ ಯಾರಾದ್ರೂ ಎಣ್ಣೆಗೆ ಬರ್ತಾರೆ. ಇವತ್ತು ನಮ್ಮನೇಲಿ ಮೊದಲು ಹಚ್ಚು."

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಇನ್ನೊಂದೇ ಒಂದು ಬೊಟ್ಟಿನ ಜಾಗ ಇರೋದು."

"ಎಣ್ಣೆಯವನ ಮನೇಲೇ ದೀಪ ಇಲ್ಲ ಅಂದ್ರೆ ಎಣ್ಣೆಗೆ ಯಾರು ಬರ್ತಾರೆ?"

"ಎಲ್ಲರೂ ಹಚ್ಚಲಿ, ಯಾರು ಬೇಡ ಅಂದ್ರು? ಹಚ್ಚಲಿ, ಕೊಳ್ಳಲಿ, ಗಾಣ ತಿರುಗಲಿ. ನಾವು ಮಾತ್ರ ಕೊನೆಗೆ."

"ಎಲ್ಲರ ಮನೇಲೂ ಇದೇ ಮಾತು ಕಣೆ."

"ಅದು ಅವರ ತಪ್ಪು," ಎಂದಳು ಗಾಣದವಳು.

ಈ ಮಾತನ್ನು ನಾನು ಸೇರಿಸಿದ್ದಲ್ಲ. ಅವಳು ನಿಜಕ್ಕೂ ಹಾಗೇ ಅಂದಳು, ನಿಜಕ್ಕೂ ಹಾಗೇ ನಂಬಿದ್ದಳು.

ಸಂಜೆ ಬಂತು. ಎಲ್ಲರೂ ಜಗಲಿಗೆ ಬಂದು ಕೂತರು. ಎಲ್ಲರ ತೊಡೆಯ ಮೇಲೂ ಮೊರ, ಎಲ್ಲರ ಮುಖವೂ ಎದುರುಮನೆಯ ಕಡೆಗೆ. ಎತ್ತಿನ ವ್ಯಾಪಾರಿ ಗಾಣದ ಬಳಿ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಗಾಣದವನು ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಹಿರಿಯ ಕರಟ ಹಿಡಿದು ಬೀದಿಗಿಳಿದ. ಒಂದು ಗೂಡಿಗೆ ಕೈ ಹಾಕಿದ, ತಣ್ಣಗಿತ್ತು. ಇನ್ನೊಂದಕ್ಕೆ ಹಾಕಿದ, ಅದೂ ತಣ್ಣಗಿತ್ತು. ಹಳೆಯ ಮಸಿಯನ್ನು ಅವನೇ ಎಂದೋ ಕೆರೆದು ಮುಗಿಸಿದ್ದ. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂದ, ಕರಟ ಖಾಲಿಯೇ ಇತ್ತು.

ಪಡುವಣದ ಕೆಂಪು ಇಳಿಯುತ್ತಾ ಬಂತು. ಮುಖಗಳು ಅಳಿಸಿಹೋಗಿ ದನಿಗಳಷ್ಟೇ ಉಳಿದವು.

"ಚಹಾದವರೇ, ನೀವು ಹಚ್ಚಬಾರದಾ? ನಿಮ್ಮ ಕೈ ಮೊದಲಿಂದ್ಲೂ ದೊಡ್ಡದು."

"ನನ್ನ ಕೈ ಅಂಗಡಿ ಜೊತೆಗೇ ಮುಚ್ಚಿಹೋಯ್ತಪ್ಪ. ನೀನೇ ಹಚ್ಚು, ಹಣತೆ ನಿನ್ನ ಹತ್ರ ರಾಶಿ ಬಿದ್ದಿದೆ."

"ಹಣತೆ ಇದೆ, ಎಣ್ಣೆ ಎಲ್ಲಿದೆ? ಎಣ್ಣೆ ಇರೋರು ಹಚ್ಚಲಿ."

"ಎಣ್ಣೆ ಇರೋರ ಬಾಗಿಲಿಗೆ ಇವತ್ತು ಕೊನೇ ಬೊಟ್ಟಂತೆ. ಅವರನ್ನು ಮಾತಾಡಿಸಬೇಡಿ."

ಕತ್ತಲಲ್ಲಿ ನಗು ಕೇಳಿಸಿತು. ಗಾಣದವಳು ಸೊಂಟ ನೆಟ್ಟಗೆ ಮಾಡಿ ಕೂತಳು. ಆಗ ಗಾಣದ ಕಡೆಯಿಂದ ಎತ್ತಿನ ಕೊರಳ ಗಂಟೆ ಅಲುಗಿತು. ವ್ಯಾಪಾರಿ ಎದ್ದು ಎತ್ತಿನ ಬೆನ್ನು ಸವರುತ್ತಿದ್ದ. ಗಾಣ ಸುತ್ತುವಾಗ ಆ ಗಂಟೆಗೆ ಒಂದು ಲಯವಿತ್ತು, ಅವಳು ಆ ಲಯದಲ್ಲೇ ಮಲಗಿ ಆ ಲಯದಲ್ಲೇ ಎದ್ದವಳು. ಇದು ಆ ಲಯವಲ್ಲ. ಎತ್ತು ನಿಜಕ್ಕೂ ಹೋಗುತ್ತದೆ ಎಂದು ಅವಳಿಗೆ ಆಗ ಹೊಳೆಯಿತು.

ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಅವಳನ್ನು ಪೂರ್ತಿ ಒಳ್ಳೆಯವಳು ಎಂದು ನೀವು ತಿಳಿಯಬಾರದೆಂದು ಇದನ್ನೂ ಹೇಳುತ್ತೇನೆ. ಯಾರೂ ಹಚ್ಚದಿದ್ದರೆ ಕೊನೆಗೆ ಹಚ್ಚುವುದು ಹೇಗೆ? ಮಸಿಯೇ ಇಲ್ಲದಿದ್ದರೆ ಬೊಟ್ಟು ಯಾವುದರಿಂದ?

ಯಾವ ಯೋಚನೆ ಅವಳನ್ನು ಎಬ್ಬಿಸಿತೋ ಗೊತ್ತಿಲ್ಲ, ಅಂತೂ ಅವಳು ಎದ್ದಳು. ತಡವರಿಸುತ್ತಾ ಒಳಗೆ ಹೋದಳು. ಇದ್ದುದರಲ್ಲೇ ದೊಡ್ಡ ಹಣತೆ ತೆಗೆದಳು. ದಪ್ಪನೆಯ ಬತ್ತಿ ಇಟ್ಟಳು. ಹುಟ್ಟಿದಾಗಿನಿಂದ ಮಾಡದ ಹಾಗೆ, ಅಂಚಿಗೆ ತುಳುಕುವಷ್ಟು ಎಣ್ಣೆ ಹೊಯ್ದಳು. ಹೊರಗೆ ಬಂದು ಬೀದಿ ದಾಟಿದಳು.

"ಅಜ್ಜೀ, ಬೆಂಕಿ ಕೊಡಿ."

"ಯಾವ ಬೆಂಕಿ?"

"ಕೆಂಡ ಇರುತ್ತಲ್ಲ, ಬೂದಿಯೊಳಗೆ. ಬೇಗ ಕೊಡಿ ಅಜ್ಜೀ, ನಮ್ಮ ಎತ್ತು ಹೋಗ್ತಿದೆ."

"ಬತ್ತಿ ಮಾರಿದ್ರೆ ಬೆರಣಿ ಕಣವ್ವ. ಬೆರಣಿ ಇದ್ರೆ ಕೆಂಡ," ಎಂದಳು ಅಜ್ಜಿ. "ನಿನ್ನ ಸೆರಗು ಮುಗೀಲಿ ಅಂತ ಕಾಯ್ತಿದ್ದೆ. ಕಾಯೋದರೊಳಗೆ ಕೆಂಡ ಆರಿಹೋಯ್ತು. ಬೂದಿ ಬೇಕಾದ್ರೆ ಇದೆ, ಒಯ್ಯಿ."

ಗಾಣದವಳು ಪಕ್ಕದ ಮನೆಗೆ ಹೋದಳು. ಅದರ ಪಕ್ಕದ ಮನೆಗೆ ಹೋದಳು. ಎಣ್ಣೆ ಅವಳ ಮಣಿಕಟ್ಟಿನ ಮೇಲೆ ಇಳಿಯಿತು, ಮೊಣಕೈಯಿಂದ ಬೀದಿಯ ಮಣ್ಣಿಗೆ ತೊಟ್ಟಿಕ್ಕಿತು. ಬೆಂಕಿ ಇದೆಯಾ? ಎದುರುಮನೆಯಲ್ಲಿ ಕೇಳು. ಬೆಂಕಿ ಇದೆಯಾ? ಪಕ್ಕದ ಮನೆಯವರಿಂದ ನಾವು ತರೋದು. ಬೆಂಕಿ ಇದೆಯಾ? ನಿನ್ನ ಹತ್ರ ಸಿಕ್ಕರೆ ನಮಗೂ ಒಂಚೂರು ಕೊಡವ್ವ. ಪ್ರತಿ ಮನೆಯಲ್ಲೂ ಹಣತೆ ಇತ್ತು. ಪ್ರತಿ ಮನೆಯಲ್ಲೂ ಸೀರೆ ಹರಿದು ಮಾಡಿದ ಬತ್ತಿ ಇತ್ತು. ಎಣ್ಣೆ ಅವಳ ಕೈಯಲ್ಲೇ ಇತ್ತು. ಬೆಂಕಿ ಮಾತ್ರ ಎಲ್ಲರದೂ ಪಕ್ಕದ ಮನೆಯಲ್ಲಿತ್ತು. ಬೀಗ ಹಾಕಿದ ಬೆಂಕಿಪೊಟ್ಟಣದ ಅಂಗಡಿಯ ಮುಂದೆ ಅವಳು ಸ್ವಲ್ಪ ಹೊತ್ತು ನಿಂತಳು. ಹಲಗೆ ತಟ್ಟಿಯೂ ನೋಡಿದಳು.

ಗಾಣದ ಬಳಿ ವ್ಯಾಪಾರಿ ಎಲೆ ಅಡಿಕೆ ಉಗಿದ. "ಎಲ್ಲಪ್ಪ ದೀಪ?" ಎಂದ.

"ಬರ್ತಿದ್ದಾಳೆ, ಸ್ವಲ್ಪ ತಾಳಿ," ಎಂದ ಗಾಣದವನು.

"ಬರ್ತಿದ್ದಾಳೆ ಸರಿ. ಕತ್ತಲಲ್ಲೇ ಬರ್ತಿದ್ದಾಳೆ."

ಗಾಣದವನು ಎತ್ತಿನ ಹಗ್ಗ ಬಿಚ್ಚಿದ. ಎತ್ತು ಮೊದಲು ಗಾಣದ ಸುತ್ತ ಒಂದು ಸುತ್ತು ಹಾಕಿತು, ನೇರ ಹೋಗುವುದು ಅದಕ್ಕೆ ಗೊತ್ತಿರಲಿಲ್ಲ. ವ್ಯಾಪಾರಿ ಮೂಗುದಾರ ಹಿಡಿದು ಎಳೆದ. ಗಂಟೆಯ ಸದ್ದು ಬೀದಿಯುದ್ದಕ್ಕೂ ಹೋಗಿ, ಊರು ದಾಟಿ, ತೆಳ್ಳಗಾಗಿ, ನಿಂತಿತು.

ಆಗ ಹಿರಿಯ ಬೀದಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. "ನಮ್ಮ ಊರಿಗೆ ಇಂಥ ಎರಡು ಸಂಜೆ ಒಟ್ಟಿಗೆ ಬಂದಿರಲಿಲ್ಲ," ಎಂದ. "ನಿನ್ನೆಯೂ ಇವತ್ತೂ ಯಾವ ಮನೆಯಲ್ಲೂ ಒಂದು ತೊಟ್ಟು ಎಣ್ಣೆ ಖರ್ಚಾಗಿಲ್ಲ. ಯಾರೂ ಮೊದಲಲ್ಲ, ಆದ್ದರಿಂದ ಎಲ್ಲರೂ ಕೊನೆಯವರೇ. ಎಲ್ಲ ಮನೆಗಳೂ ದೊಡ್ಡ ಮನೆಗಳೇ."

ಜನ ಎದ್ದು ನಿಂತರು. ಕತ್ತಲಲ್ಲಿ ಒಬ್ಬರಿಗೊಬ್ಬರು ಕೈ ಮುಗಿದರು. ಕೆಲವರು ಸಂತೋಷಕ್ಕೆ ಅತ್ತರು ಎಂದೂ ಹೇಳುತ್ತಾರೆ, ನನಗೆ ಅದನ್ನು ನಂಬಲು ಕಷ್ಟವಿಲ್ಲ. ಹಿರಿಯ ಖಾಲಿ ಕರಟದಲ್ಲಿ ಹೆಬ್ಬೆರಳು ಅದ್ದಿದ. ಖಾಲಿ ಹೆಬ್ಬೆರಳನ್ನು ಮೊದಲ ಮನೆಯ ಮೇಲ್ಪಟ್ಟಿಗೆ ಒತ್ತಿದ. ಮತ್ತೆ ಅದ್ದಿದ, ಎರಡನೆಯ ಮನೆಗೆ ಒತ್ತಿದ. ಅದ್ದುತ್ತಾ ಒತ್ತುತ್ತಾ ಬೀದಿಯುದ್ದಕ್ಕೂ ಬಂದು ಗಾಣದವಳ ಬಾಗಿಲಲ್ಲಿ ನಿಂತ. ತಡವಿ ತಡವಿ ಬಲತುದಿಯ ಜಾಗ ಹುಡುಕಿ ಬೆರಳು ಒತ್ತಿದ.

"ತುಂಬಿತು ತಾಯಿ," ಎಂದ.

ಗಾಣದವಳು ಹಣತೆ ಕೆಳಗಿಡದೆ, ಇನ್ನೊಂದು ಕೈಯೆತ್ತಿ ಆ ಜಾಗ ಮುಟ್ಟಿ ನೋಡಿದಳು. "ಹಿರಿಯರೇ, ಬೊಟ್ಟು ಕಾಣ್ತದಾ?" ಎಂದಳು.

"ಕತ್ತಲಲ್ಲಿ ಏನು ಕಾಣಬೇಕಮ್ಮ? ಇದೆ ಅಂದ್ಕೋ."

ಅವನು ಮುಂದಿನ ಮನೆಗೆ ಹೋದ. ಅವಳು ಜಗಲಿಯಲ್ಲಿ ಕೂತಳು, ಗಾಣದವನು ಬಂದು ಅವಳ ಪಕ್ಕ ಕೂತ. ಅವನ ಕೈಯಲ್ಲಿ ಬಿಚ್ಚಿದ ಹಗ್ಗ ಹಾಗೇ ಉಳಿದಿತ್ತು. ಅವಳು ತುಂಬಿದ ಹಣತೆಯನ್ನು ಪಕ್ಕಕ್ಕಿಟ್ಟಳು. ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೀದಿಯಾಚೆಯ ಕತ್ತಲಿಗೆ ಮುಖ ಮಾಡಿ, ಬೆರಳಿಗೆ ಸಿಕ್ಕದ್ದು ಕಲ್ಲೋ ಅಕ್ಕಿಯೋ ತಿಳಿಯದೆ, ಆರಿಸುತ್ತಾ ಕೂತಳು.

ಕಥೆ ಇಷ್ಟೇ. ಈಗ ಇದರ ಅರ್ಥವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಎಣ್ಣೆಬತ್ತಿಯ ಮಾತು ಎಂದುಕೊಳ್ಳುತ್ತೀರಿ. ಎಣ್ಣೆ ಎಂದರೆ ಇಲ್ಲಿ ಎಣ್ಣೆಯೊಂದೇ ಅಲ್ಲ. ನಮ್ಮ ಬೀದಿಯ ಅಂಗಡಿಗೆ ಹೋಗಿ, ಬೇಕಾದ ಸಾಮಾನನ್ನೂ ಬೇಡವೆಂದು ಇಟ್ಟು ಬಂದು, ಮನೆಯಲ್ಲಿ ಇಷ್ಟು ಉಳಿಯಿತು ಎಂದು ಹಿಗ್ಗುತ್ತೇವಲ್ಲ, ಹಾಗೆ ಉಳಿದದ್ದು ನಿಜವಾಗಿ ಯಾರ ಒಲೆಯಿಂದ ಬಂತು ಎಂದು ನೋಡಿದರೆ, ಅದು ಬೇರೆ ಯಾರದೂ ಅಲ್ಲ, ಅದು...

ಸ್ವಲ್ಪ ಇರಿ, ಹೊರಗಿನಿಂದ ಅಮ್ಮ ಕರೆಯುತ್ತಿದ್ದಾಳೆ. ಎದುರುಮನೆಯವರು ಆಗಲೇ ದೀಪ ಹಾಕಿದರಂತೆ, ಬೆಳಕು ನಮ್ಮ ಜಗಲಿಯವರೆಗೂ ಬಿದ್ದಿದೆಯಂತೆ. ನಮ್ಮದನ್ನು ನಂದಿಸಿ, ಮೊರ ತಗೊಂಡು ಬೇಗ ಬಾ ಅನ್ನುತ್ತಿದ್ದಾಳೆ.